ಮೂರು ಬಸ್ಸಿಗೆ ಒಬ್ಬ ಸ್ಪೇರ್ ಡ್ರೈವರ್

ಮೊನ್ನೆ ಪೇಪರಿನಲ್ಲಿ ಓದಿದೆ. ವಿಮಾನ ಓಡಿಸುವವರಲ್ಲೂ ಸ್ಪೇರ್ ಡ್ಯೂಟಿಯವರು ಅಂತ ಇರುತ್ತಾರಂತೆ. ಯಾರಿಗಾದರೂ ಜ್ವರ ಬಂದರೆ, ಯಾರಾದರೂ ಕೈಕೊಟ್ಟರೆ ಇವರಿಗೆ ಕರೆ ಬರುತ್ತದಂತೆ. ಅದಕ್ಕೇ ಟೆಲಿಫೋನಿನ ಪಕ್ಕ ಕಾದು ಕೂತಿರಬೇಕು, ಊರು ಬಿಟ್ಟು ಹೋಗುವಂತಿಲ್ಲ, ಇದು ಬಹಳ ಹಿಂಸೆ ಅಂತ ಅವರ ಸಂಘದವರು ಗಲಾಟೆ ಮಾಡಿದ್ದಾರಂತೆ. ಓದಿ ಮೊದಲು ನಗು ಬಂತು, ಆಮೇಲೆ ಸಿಟ್ಟೂ ಬಂತು. ಅಯ್ಯಾ, ನಿಮಗೆ ಟೆಲಿಫೋನಾದರೂ ಇದೆಯಲ್ಲ! ನನಗಿದ್ದದ್ದು ರಬ್ಬರ್ ಬುರುಡೆಯ ಒಂದು ಹಾರನ್ನು.

ಆಗ ಎರಡನೆಯ ಮಹಾಯುದ್ಧದ ಕಾಲ. ನಾನು ಮದ್ದೂರಿನ ಒಂದು ಬಸ್ ಕಂಪನಿಯಲ್ಲಿ ಸ್ಪೇರ್ ಡ್ರೈವರ್ ಆಗಿದ್ದೆ. ಕಂಪನಿ ಅಂದರೆ ದೊಡ್ಡದೇನೂ ಅಂದುಕೊಳ್ಳಬೇಡಿ. ಮೂರು ಬಸ್ಸು, ಒಂದು ತಗಡಿನ ಷೆಡ್ಡು, ಷೆಡ್ಡಿನ ಮುಂದೆ ಕುರ್ಚಿ ಹಾಕಿಕೊಂಡು ಕೂರುವ ಯಜಮಾನರು, ಅಷ್ಟೇ. ಒಂದು ಬಸ್ಸು ಮಂಡ್ಯಕ್ಕೆ, ಒಂದು ಚನ್ನಪಟ್ಟಣಕ್ಕೆ, ಇನ್ನೊಂದು ಮಳವಳ್ಳಿ ಮೇಲೆ ಬೆಳಕವಾಡಿಗೆ. ಒಂದೊಂದು ಬಸ್ಸಿಗೂ ಒಬ್ಬೊಬ್ಬ ಖಾಯಂ ಡ್ರೈವರು, ಅವನಿಗೆ ಲೈನ್ ಡ್ರೈವರ್ ಅನ್ನುತ್ತಿದ್ದೆವು. ಆ ಮೂವರಲ್ಲಿ ಯಾರಿಗೆ ಭೇದಿಯಾದರೂ, ಯಾರ ಅತ್ತೆ ಸತ್ತರೂ ಆ ಬಸ್ಸು ನನ್ನ ಕೈಗೆ. ಯಾರಿಗೂ ಏನೂ ಆಗದಿದ್ದರೆ ನಾನು ಷೆಡ್ಡಿನ ಹಿಂದಿನ ಕೋಣೆಯಲ್ಲಿ ಗೋಡೆ ನೋಡಿಕೊಂಡು ಕೂತಿರಬೇಕು.

ಯಜಮಾನರು ಹಳೆಯ ಕಾರಿನ ಹಾರನ್ನೊಂದನ್ನು ಷೆಡ್ಡಿನ ಕಂಬಕ್ಕೆ ಕಟ್ಟಿಸಿದ್ದರು. ಅದನ್ನು ಮೂರು ಸಲ ಹಿಸುಕಿದರೆ ನಾನು ಎಲ್ಲಿದ್ದರೂ ಓಡಿ ಬರಬೇಕು. ಆದ್ದರಿಂದ ಅದು ಕೇಳಿಸದಷ್ಟು ದೂರ ಹೋಗುವಂತಿಲ್ಲ. ಶಿಂಷಾ ಹೊಳೆಗೆ ಈಜಲು ಹೋಗುವಂತಿಲ್ಲ, ಮುಳುಗಿದಾಗ ಹಾರನ್ನು ಬಾರಿಸಿದರೆ ಏನು ಗತಿ? ನಮ್ಮೂರು ಪೂರಿಗಾಲಿಗೆ ಹೋಗುವ ಮಾತಂತೂ ಇಲ್ಲವೇ ಇಲ್ಲ. ಇನ್ನು ಎಣ್ಣೆಸ್ನಾನ. ನಾನು ತಲೆಗೆ ಎಣ್ಣೆ ಹಾಕಿಕೊಂಡೆ ಅನ್ನುವುದು ಆ ಹಾರನ್ನಿಗೆ ಹೇಗೋ ತಿಳಿದುಬಿಡುತ್ತಿತ್ತು. ಒಂದು ಶನಿವಾರ ಮೈಗೆಲ್ಲ ಹರಳೆಣ್ಣೆ ತಿಕ್ಕಿಕೊಂಡು ನೀರು ಕಾಯಲಿ ಅಂತ ಕೂತಿದ್ದೆ, ಪಾಂ ಪಾಂ ಪಾಂ! ಮೇಲೊಂದು ಅಂಗಿ ಸಿಕ್ಕಿಸಿಕೊಂಡು ಮಂಡ್ಯಕ್ಕೆ ಹೊರಟೆ. ಬಿಸಿಲಿಗೆ ಎಣ್ಣೆ ಕರಗಿ ಕಣ್ಣಿಗೆ ಇಳಿಯುತ್ತಿತ್ತು. ಹಿಂದಿನ ಸೀಟಿನಲ್ಲಿದ್ದ ಒಬ್ಬ ಹೆಂಗಸು ನನ್ನ ಅವಸ್ಥೆ ನೋಡಿ, "ಡ್ರೈವರಣ್ಣ, ಸೀಗೆಪುಡಿ ಬೇಕಾ? ನನ್ ತಾವ ಅದೆ ಕಣಪ್ಪ" ಅಂದಳು. ಬಸ್ಸಿಗೆ ಬಸ್ಸೇ ನಕ್ಕಿತು.

ಇದಕ್ಕಿಂತ ಹೊಟ್ಟೆ ಉರಿಯುತ್ತಿದ್ದದ್ದು ಬೇರೆ. ಕೆಲಸವಿಲ್ಲದ ದಿನ ಯಜಮಾನರಿಗೆ ಸುಮ್ಮನೆ ಅನುಮಾನ ಬರುತ್ತಿತ್ತು. ಹಾರನ್ನು ಹಿಸುಕುತ್ತಿದ್ದರು. ನಾನು ಬಾಯಲ್ಲಿದ್ದ ಮುದ್ದೆ ನುಂಗುತ್ತ ಓಡಿ ಬರುತ್ತಿದ್ದೆ.

"ಇದ್ದೀಯೇನ್ಲಾ?"

"ಇವ್ನಿ ಯಜಮಾನ್ರೇ."

"ಸರಿ, ಓಗು."

ಇಂಥವನಿಗೆ ಮದುವೆ ಬೇರೆ ಆಗಿತ್ತು. ಹೆಣ್ಣು ಬೆಳಕವಾಡಿಯದು. ಮದುವೆಯಾಗುವಾಗ ಡ್ರೈವರ್ ಅಂತ ಹೇಳಿದ್ದೆವು, ಸ್ಪೇರ್ ಅನ್ನುವುದನ್ನು ಹೇಳಲು ನಮ್ಮಣ್ಣ ಮರೆತಿದ್ದ. ಮರೆತಿದ್ದ ಅಂತಲೇ ಇಟ್ಟುಕೊಳ್ಳಿ. ಮಾವನಿಗೆ ಅದು ಗೊತ್ತಾದದ್ದು ಮದುವೆಯಾಗಿ ನಾಲ್ಕನೆಯ ದಿನಕ್ಕೆ, ಮದ್ದೂರಿನಿಂದ ಕಂಡಕ್ಟರ್ ಬಂದು ನನ್ನನ್ನು ಎಲೆ ಮುಂದಿನಿಂದ ಎಬ್ಬಿಸಿಕೊಂಡು ಹೋದಾಗ. ಮಾವ ಎರಡು ಜೊತೆ ಎತ್ತು ಕಟ್ಟಿ ಬೇಸಾಯ ಮಾಡುವ ಕುಳ, ಮಾತಿನಲ್ಲಿ ನಯ ನಾಜೂಕು ಇಟ್ಟುಕೊಂಡವನಲ್ಲ. "ಯಾರೋ ಪಾಂ ಪಾಂ ಅಂದ್ರೆ ಎದ್ದು ಓಡೋನಿಗೆ ಸಂಸಾರ ಯಾಕ್ಲಾ ಬೇಕು? ಲೈನ್ ಸಿಕ್ದೇಟ್ಗೆ ಬಾ, ಮಗಳ್ನ ಕಳುಸ್ತೀನಿ. ಅಲ್ಲೀಗಂಟ ನನ್ ಮನೇಲೇ ಇರ್ಲಿ" ಅಂದುಬಿಟ್ಟ. ನನಗೆ ಅಪ್ಪ ಅಮ್ಮ ಇರಲಿಲ್ಲ, ಪೂರಿಗಾಲಿಯ ಅಣ್ಣನ ಮನೆಯಲ್ಲಿ ಅವಳನ್ನು ಒಬ್ಬಳೇ ಬಿಡೋಣವೆಂದರೆ ಅದಕ್ಕೂ ಒಪ್ಪಲಿಲ್ಲ. ಹೀಗೆ ಎರಡು ವರ್ಷ ನಾನು ಮದ್ದೂರಿನಲ್ಲಿ, ನನ್ನ ಹೆಂಡತಿ ಬೆಳಕವಾಡಿಯಲ್ಲಿ. ನನಗೆ ಬೇಕಾಗಿದ್ದದ್ದು ಒಂದು ಲೈನು. ಲೈನ್ ಸಿಕ್ಕರೆ ಹೆಂಡತಿ, ಇಲ್ಲದಿದ್ದರೆ ಇಲ್ಲ.

ಆ ಎರಡು ವರ್ಷದಲ್ಲಿ ಬೆಳಕವಾಡಿಯ ಬಸ್ಸು ನನ್ನ ಕೈಗೆ ಬಂದದ್ದು ಬೆರಳೆಣಿಕೆಯಷ್ಟು ಸಲ. ಆದರೆ ಒಂದು ವಿಚಿತ್ರ ಇತ್ತು. ನಾನು ಹೋದಾಗಲೆಲ್ಲ ಅವಳು ರಸ್ತೆ ಬದಿಯ ಹೊಂಗೆ ಮರದ ಕೆಳಗೆ ನಿಂತಿರುತ್ತಿದ್ದಳು. ಹೇಳಿ ಕಳಿಸಿದವರಿಲ್ಲ, ಕಾಗದ ಬರೆದವರಿಲ್ಲ. ನನ್ನ ಮುಖ ನೋಡುತ್ತಿದ್ದಳು, ತಲೆ ತಗ್ಗಿಸುತ್ತಿದ್ದಳು, ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದುತ್ತಿದ್ದ. ನನಗೆ ಹಿಗ್ಗೋ ಹಿಗ್ಗು. "ನೋಡ್ದಾ? ನಾನು ಬತ್ತೀನಿ ಅಂತ ಅವಳ ಮನಸ್ಸಿಗೆ ಗೊತ್ತಾಯ್ತದೆ ಕಣ್ಲಾ. ಋಣಾನುಬಂಧ ಅಂದ್ರೆ ಇದು" ಅಂತ ಕಂಡಕ್ಟರನ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಅವನು ಪ್ರತಿದಿನ ಆ ಲೈನಿನಲ್ಲೇ ಹೋಗಿ ಬರುವವನು. ಹೂಂ ಅನ್ನುತ್ತಿದ್ದ, ಬೇರೇನೂ ಅನ್ನುತ್ತಿರಲಿಲ್ಲ.

ಈಗ ಬಸ್ಸುಗಳ ವಿಚಾರ ಹೇಳಬೇಕು. ಮೂರು ಬಸ್ಸಿನಲ್ಲಿ ಎರಡಕ್ಕೆ ಎಡಕ್ಕೆ ಕ್ಲಚ್ಚು, ಮಧ್ಯಕ್ಕೆ ಬ್ರೇಕು, ಬಲಕ್ಕೆ ಆಕ್ಸಿಲೇಟರು. ಬೆಳಕವಾಡಿ ಬಸ್ಸು ಮಾತ್ರ ಹಳೇ ಕಾಲದ್ದು. ಅದನ್ನು ಮಾಡಿದ ಪುಣ್ಯಾತ್ಮ ಆಕ್ಸಿಲೇಟರನ್ನು ಮಧ್ಯಕ್ಕೆ ಇಟ್ಟು ಬ್ರೇಕನ್ನು ಬಲಕ್ಕೆ ತಳ್ಳಿದ್ದ. ಅಂದರೆ ಎರಡು ಬಸ್ಸಿನಲ್ಲಿ ಯಾವುದನ್ನು ಒತ್ತಿದರೆ ಗಾಡಿ ನಿಲ್ಲುತ್ತದೋ, ಮೂರನೆಯದರಲ್ಲಿ ಅದೇ ಜಾಗ ಒತ್ತಿದರೆ ಮುಂದಕ್ಕೆ ನುಗ್ಗುತ್ತದೆ! ಲೈನ್ ಡ್ರೈವರುಗಳಿಗೆ ಇದರಿಂದ ಏನೂ ತೊಂದರೆಯಿಲ್ಲ, ಅವರವರ ಬಸ್ಸು ಅವರವರಿಗೆ. ಮೂರನ್ನೂ ಓಡಿಸಬೇಕಾದವನು ನಾನೊಬ್ಬ. ಬೆಳಗ್ಗೆ ಇದು, ಮಧ್ಯಾಹ್ನ ಅದು. ನನ್ನ ಬಲಗಾಲಿಗೆ ತಲೆ ಕೆಟ್ಟು ಹೋಗಿತ್ತು. ಯಜಮಾನರಿಗೆ ಹೇಳಿದರೆ, "ಪೆಡ್ಲು ಎಲ್ಲಿದ್ರೆ ಅಲ್ಲಿ ತುಳಿಯೋದು ಕಣ್ಲಾ ಡ್ರೈವರ್ ಕೆಲ್ಸ. ನಿನ್ ಕಾಲಿಗೆ ತಕ್ಕಂಗೆ ಬಸ್ ಮಾಡ್ಸಕ್ಕಾಯ್ತದಾ?" ಅಂದರು.

ಒಂದು ದಿನ ಬೆಳಗ್ಗೆ ಬೆಳಕವಾಡಿ ಬಸ್ಸು ಓಡಿಸಿ, ಮಧ್ಯಾಹ್ನ ಮಂಡ್ಯದ ಬಸ್ಸು ಹತ್ತಿದೆ. ಮಂಡ್ಯ ಸೇರುವ ಮುಂಚೆ ನಮ್ಮ ಮುಂದೆ ಒಂದು ಕಬ್ಬಿನ ಗಾಡಿ ಹೋಗುತ್ತಿತ್ತು. ನಿಲ್ಲಿಸೋಣ ಅಂತ ಬಲಕ್ಕೆ ಒತ್ತಿದೆ. ಬಸ್ಸು ಹೋಗಿ ಕಬ್ಬಿನ ಹೊರೆಯೊಳಗೆ ಮೂತಿ ಇಟ್ಟಿತು. ಎತ್ತುಗಳಿಗೆ ಏನೂ ಆಗಲಿಲ್ಲ, ದೇವರು ದೊಡ್ಡವನು. ಗಾಡಿಯವನು ಇಳಿದು ಬಂದು, "ಕಣ್ಣ ಎಲ್ಲಿ ಮಡಗಿದ್ಯೋ ಬಡ್ಡೆತ್ತದೇ!" ಅಂತ ಶುರು ಮಾಡಿದ. ಕಣ್ಣು ಸರಿಯಾಗೇ ಇತ್ತು, ತಪ್ಪಿದ್ದು ಕಾಲು ಅಂತ ಅವನಿಗೆ ಹೇಗೆ ಹೇಳಲಿ? ಅವನು ಬೈದು ಮುಗಿಸುವಷ್ಟರಲ್ಲಿ ಪ್ರಯಾಣಿಕರು ಕಿಟಕಿಯಿಂದಲೇ ಕೈ ಹಾಕಿ ಆಳಿಗೊಂದು ಜಲ್ಲೆ ಎಳೆದುಕೊಂಡು ತಿನ್ನುತ್ತ ಕೂತಿದ್ದರು.

ಅವತ್ತು ಕೋಣೆಯಲ್ಲಿ ಕೂತು ಯೋಚನೆ ಮಾಡಿದೆ. ಓಡಿಸುವಾಗ ಬಗ್ಗಿ ಕಾಲ ಬುಡ ನೋಡಲಾಗುವುದಿಲ್ಲ. ಆದರೆ ನಾವೆಲ್ಲ ಬರಿಗಾಲಿನಲ್ಲಿ ಓಡಿಸುವವರು, ಅಂಗಾಲಿಗೆ ಒಂದು ಕಲ್ಲು ಚುಚ್ಚಿದರೂ ಗೊತ್ತಾಗುತ್ತದೆ. ತಕ್ಷಣ ತೆಂಗಿನ ನಾರಿನ ಹಗ್ಗ ತಂದು ಮೂರು ಬಸ್ಸಿನ ಬ್ರೇಕಿಗೂ ಒತ್ತಾಗಿ ಸುತ್ತಿದೆ. ಎಲ್ಲೇ ಇರಲಿ, ಒರಟಾಗಿದ್ದರೆ ಬ್ರೇಕು, ನುಣ್ಣಗಿದ್ದರೆ ಆಕ್ಸಿಲೇಟರು. ಕಾಲು ತಾನೇ ಹುಡುಕಿಕೊಳ್ಳುತ್ತದೆ. ಈಗ ವಿಮಾನದಲ್ಲೂ ಒಂದೊಂದು ಹಿಡಿಕೆಗೆ ಒಂದೊಂದು ಆಕಾರ ಮಾಡುತ್ತಾರಂತೆ, ನೋಡದೆಯೇ ಕೈಗೆ ಗೊತ್ತಾಗಲಿ ಅಂತ. ಅದೂ ಆ ಪೇಪರಿನಲ್ಲೇ ಇತ್ತು. ಮಾಡಲಿ, ಮಾಡಲಿ. ಮದ್ದೂರಿನಲ್ಲಿ ನಾನು ಮಾಡಿದ್ದಕ್ಕೆ ಲೈನ್ ಡ್ರೈವರುಗಳು ನನಗೆ ಹಗ್ಗದ ಡ್ರೈವರ್ ಅಂತ ಹೆಸರಿಟ್ಟರು. ಮಳವಳ್ಳಿಯಲ್ಲಿ ಒಬ್ಬಳು ಮುದುಕಿ ಬಸ್ ಹತ್ತಿದವಳು ನನ್ನ ಕಾಲ ಬುಡ ಇಣುಕಿ, "ಅಯ್ಯೋ ಸಿವನೇ, ಮುರುಕ್ಲು ಬಸ್ಸು! ಹಗ್ಗ ಕಟ್ಟಿ ಓಡುಸ್ತಾವ್ರೆ" ಅಂತ ಕೂಗಿಕೊಂಡು ಇಳಿದೇ ಹೋದಳು.

ಅಷ್ಟರಲ್ಲಿ ಬೆಳಕವಾಡಿ ಲೈನಿನ ಡ್ರೈವರು ಮಿಲಿಟರಿ ಲಾರಿ ಓಡಿಸುತ್ತೇನೆ ಅಂತ ಪಟಾಲಮ್ಮಿಗೆ ಸೇರಿಬಿಟ್ಟ. ಯಜಮಾನರು ನನ್ನನ್ನು ಕರೆದರು. ಹಾರನ್ನಿಲ್ಲದೆ, ಬಾಯಲ್ಲಿ ಕರೆದರು! "ಹದಿನೈದು ದಿವ್ಸ ಓಡ್ಸು. ಒಂದು ತಕರಾರು ಬರಬಾರ್ದು, ಒಂದು ಗೀರು ಬೀಳಬಾರ್ದು. ಹದಿನಾರನೇ ದಿವ್ಸದಿಂದ ಲೈನ್ ನಿಂದು" ಅಂದರು.

ನನ್ನ ಜೀವಮಾನದಲ್ಲಿ ಅಷ್ಟು ಜೋಪಾನವಾಗಿ ನಾನು ಬಸ್ಸು ಓಡಿಸಿದ್ದಿಲ್ಲ. ಪೆಟ್ರೋಲ್ ಸಿಗದ ಕಾಲ, ಇದ್ದಲ ಗ್ಯಾಸಿನ ಬಸ್ಸು. ಹಿಂದುಗಡೆ ಬಾಯ್ಲರಿನಂಥ ಒಲೆ, ಅದರಲ್ಲಿ ಇದ್ದಲು ಉರಿದು ಹೊಗೆಯ ಬಲದಲ್ಲಿ ಗಾಡಿ ಓಡಬೇಕು. ಏರು ಸಿಕ್ಕಿದರೆ ಉಸಿರು ಕಟ್ಟಿ ನಿಂತುಬಿಡುತ್ತಿತ್ತು, ಜನ ಇಳಿದು ತಳ್ಳಬೇಕು. ಆದರೂ ಹದಿನಾಲ್ಕು ದಿನ ಒಂದು ಕೋಳಿಗೂ ತಾಗಿಸದೆ ಹೋಗಿ ಬಂದೆ. ಹದಿನಾಲ್ಕು ದಿನವೂ ಅವಳು ಹೊಂಗೆ ಮರದ ಕೆಳಗಿದ್ದಳು. ಹದಿನೈದನೆಯ ದಿನ ಮಗಳನ್ನು ಅದೇ ಬಸ್ಸಿನಲ್ಲಿ ಕಳಿಸುತ್ತೇನೆ ಅಂತ ಮಾವ ಹೇಳಿದ.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಮಾವನಿಗೆ ಅಳಿಯ ಲೈನ್ ಡ್ರೈವರ್ ಆದ ಅನ್ನುವ ಸಂಭ್ರಮ. ಪಟಾಲಮ್ಮಿನಿಂದ ರಜಕ್ಕೆ ಬಂದಿದ್ದ ಒಬ್ಬನಿಗೆ ಎಳನೀರು, ಕೋಳಿ ಎಲ್ಲ ಕೊಟ್ಟು ಅವನ ಒಂದು ಜೊತೆ ಬೂಟು ಸಂಪಾದಿಸಿದ್ದ. ಕಂಡಕ್ಟರನ ಕೈಯಲ್ಲಿ ಕಳಿಸಿಕೊಟ್ಟು, "ನಾಳೀಕೆ ನಂಟ್ರೆಲ್ಲ ಬಂದಿರ್ತಾರೆ. ಬರಿಗಾಲಲ್ಲಿ ಬಂದು ನನ್ ಮಾನ ಕಳೀಬ್ಯಾಡ ಅಂತ ಅಳಿಮಯ್ಯಂಗೆ ಯೋಳು" ಅಂದಿದ್ದ. ಬೂಟು ಅಂದರೆ ಬೂಟು! ಅಡಿಯಲ್ಲಿ ಮೊಳೆ, ಒಳಗೆ ನನ್ನಂಥವನ ಎರಡು ಕಾಲು ಹಿಡಿಸುವಷ್ಟು ಜಾಗ. ನಾನು ದಡ್ಡನಲ್ಲ. ಮದ್ದೂರಿನಿಂದ ಬರಿಗಾಲಿನಲ್ಲೇ ಹೊರಟೆ. ಮಳವಳ್ಳಿಯಲ್ಲಿ ನಿಲ್ಲಿಸಿದಾಗ, ಮಾವ ಬೇಜಾರು ಮಾಡಿಕೊಂಡು ಹೆಂಡತಿಯನ್ನು ಕಳಿಸದೆ ಹೋದರೆ ಅನ್ನುವ ಭಯಕ್ಕೆ ಅದನ್ನು ಹಾಕಿಕೊಂಡೆ. ದಡ್ಡನಲ್ಲ ಅಂದೆನಲ್ಲ, ಆ ಮಾತು ವಾಪಸು ತೆಗೆದುಕೊಳ್ಳುತ್ತೇನೆ.

ಅಲ್ಲಿಂದ ಮುಂದೆ ದಾರಿಯುದ್ದಕ್ಕೂ ಏನೂ ತೊಂದರೆಯಾಗಲಿಲ್ಲ. ನಿಲ್ಲಿಸುವ ಪ್ರಮೇಯವೇ ಬರಲಿಲ್ಲ. ಬೆಳಕವಾಡಿಗೆ ಬಂದಾಗ ನೋಡುತ್ತೇನೆ, ರಸ್ತೆ ಬದಿಯಲ್ಲಿ ನಂಟರ ಸಾಲು. ಅತ್ತೆಯ ಕೈಯಲ್ಲಿ ಆರತಿ ತಟ್ಟೆ. ಹೊಸ ಸೀರೆ ಉಟ್ಟುಕೊಂಡು ನನ್ನ ಹೆಂಡತಿ, ಪಕ್ಕದಲ್ಲಿ ತಗಡಿನ ಟ್ರಂಕು. ಮಾವ ರಸ್ತೆಯ ಮಧ್ಯೆ ಕೈ ಎತ್ತಿ ನಿಂತಿದ್ದ, ಅವನು ತಡೆಯದಿದ್ದರೆ ಬಸ್ಸು ನಿಲ್ಲುವುದೇ ಇಲ್ಲ ಅನ್ನುವ ಹಾಗೆ. ನಾನು ಕಾಲೆತ್ತಿ ಹಗ್ಗ ಹುಡುಕಿದೆ. ಬೂಟಿನೊಳಗಿನ ಕಾಲಿಗೆ ಹಗ್ಗ ಯಾವುದು, ಕಬ್ಬಿಣ ಯಾವುದು? ಎಲ್ಲ ಒಂದೇ. ಕಾಲು ಹಳೇ ಅಭ್ಯಾಸದ ಮೇಲೆ ಮಧ್ಯಕ್ಕೆ ಹೋಗಿ ಬಲವಾಗಿ ಒತ್ತಿತು.

ಏರು ಕಂಡರೆ ಏದುಸಿರು ಬಿಡುತ್ತಿದ್ದ ಆ ಬಸ್ಸಿಗೆ ಆ ಕ್ಷಣದಲ್ಲಿ ಎಲ್ಲಿಂದ ಶಕ್ತಿ ಬಂತೋ ಕಾಣೆ. ಹುಚ್ಚು ಹಿಡಿದ ಗೂಳಿಯ ಹಾಗೆ ನುಗ್ಗಿತು. ಮಾವ ಪಂಚೆ ಎತ್ತಿಕೊಂಡು ಒಂದೇ ನೆಗೆತಕ್ಕೆ ಚರಂಡಿಯಾಚೆ ಬಿದ್ದ. ನಂಟರು ದಿಕ್ಕಾಪಾಲಾದರು. ನಾನು ಚಕ್ರ ಎಡಕ್ಕೆ ಎಳೆದೆ, ಬಸ್ಸು ರಸ್ತೆ ಇಳಿದು, ಕಣ ದಾಟಿ, ಮಾವನ ಹೊಸ ಹುಲ್ಲಿನ ಮೆದೆಯೊಳಕ್ಕೆ ಹೊಕ್ಕು ನಿಂತಿತು. ಮೇಲಿನ ಹುಲ್ಲೆಲ್ಲ ಜಾರಿ ಮುಂದಿನ ಗಾಜು ಮುಚ್ಚಿ ಒಳಗೆ ಕತ್ತಲೆಯಾಯಿತು. ಆಮೇಲೆ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದವನೊಬ್ಬ, "ಬೆಳಕವಾಡಿ ಬಂತಾ?" ಅಂತ ಕೇಳಿದ.

"ಒಲೇಲಿ ಬೆಂಕಿ ಅದೆ ಕಣ್ರಲಾ! ಮೆದೆ ಅತ್ಕತದೆ!" ಅಂತ ಚರಂಡಿಯಾಚೆಯಿಂದ ಮಾವನ ಕೂಗು ಕೇಳಿತು. ಹೆಂಗಸರೆಲ್ಲ ಓಡಿ ಬಂದು ಕೈಗೆ ಸಿಕ್ಕಿದ ಬಿಂದಿಗೆ, ಚೆಂಬು ಹಿಡಿದು ಹಿಂದಿನ ಇದ್ದಲ ಒಲೆಗೆ ನೀರು ಸುರಿದರು. ಅತ್ತೆ ನನಗೆ ಮಾಡಿಟ್ಟಿದ್ದ ಆರತಿಯ ಕೆಂಪು ನೀರನ್ನೂ ಅದಕ್ಕೇ ಎರಚಿದಳು. ಬಸ್ಸಿಗೆ ಒಳ್ಳೆಯ ದೃಷ್ಟಿ ತೆಗೆದಂತಾಯಿತು. ಯಾರಿಗೂ ಪೆಟ್ಟಾಗಿರಲಿಲ್ಲ. ಮಾವನ ಎರಡು ಜೊತೆ ಎತ್ತು ಕಟ್ಟಿ ಬಸ್ಸನ್ನು ಹಿಂದಕ್ಕೆ ಎಳೆದರು. ಒಂದು ದೀಪ ಒಡೆದಿತ್ತು, ಮಡ್‌ಗಾರ್ಡು ಸೊಟ್ಟಗಾಗಿತ್ತು, ಮುಂದೆಲ್ಲ ಗೀರು.

ಮೈಮೇಲಿನ ಹುಲ್ಲು ಕೊಡವಿಕೊಂಡು ನಾನು ನಿಂತೆ. ಮಾವ ಬಂದು ಮೊದಲು ಮೆದೆ ನೋಡಿದ, ಆಮೇಲೆ ಮಡ್‌ಗಾರ್ಡು ನೋಡಿದ, ಆಮೇಲೆ ನನ್ನನ್ನು ನೋಡಿದ.

"ಲೈನು?"

"ಓಯ್ತು ಮಾವ."

ಕಂಡಕ್ಟರೂ ಹೌದು ಅನ್ನುವಂತೆ ತಲೆಯಾಡಿಸಿದ. ಯಜಮಾನರಿಂದ ಇದನ್ನು ಮುಚ್ಚಿಡುವುದು ಹೇಗೆ?

"ಅಂಗಾರೆ ಟ್ರಂಕ ಒಳಿಕ್ಕೆ ತಕ್ಕೊಂಡೋಗಿ" ಅಂತ ಮಾವ ಮನೆಯವರಿಗೆ ಹೇಳಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಇನ್ನೂ ಸಂಕಟವಾಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಟ್ರಂಕಿಗೆ ಯಾರೋ ಕೈ ಹಾಕಿದರು. ನನ್ನ ಹೆಂಡತಿ ಅವರ ಕೈ ತಳ್ಳಿ ಅದರ ಮೇಲೆ ಕೂತುಬಿಟ್ಟಳು. ಅಷ್ಟು ಜನರ ಮುಂದೆ ಅವಳು ಬಾಯಿ ಬಿಟ್ಟದ್ದನ್ನು ನಾನು ಕಂಡಿದ್ದು ಅದೇ ಮೊದಲು.

"ಬುಡಿ. ಇದ ಒಳಿಕ್ಕೆ ತಕ್ಕೊಂಡೋಗ್ಬ್ಯಾಡಿ" ಅಂದಳು. ಅಪ್ಪನ ಕಡೆ ತಿರುಗಿದಳು. "ಎಲ್ಡು ವರ್ಸದಿಂದ ದಿನಾ ಈ ರಸ್ತೆಗೆ ಬತ್ತಾ ಇವ್ನಿ ಕಣಪ್ಪ. ಯಾವತ್ತು ಇವ್ರು ಬತ್ತಾರೆ, ಯಾವತ್ತು ಬ್ಯಾರೆಯೋರು ಬತ್ತಾರೆ ಅಂತ ನಂಗೇನು ಕನಸು ಬಿದ್ದಿತ್ತಾ? ದಿನಾ ಬಸ್ ಬಂದೇಟ್ಗೆ ಬಂದು ನಿಂತ್ಕಂಡೆ. ಬ್ಯಾರೆಯೋರು ಕೂತಿದ್ರೆ ತಿರುಗಿ ಮನೆಗೆ ಓಯ್ತಿದ್ದೆ. ಊರೋರೆಲ್ಲ ನಗೋರು. ಇನ್ ನನ್ ಕೈಲಿ ಆಗಾಕಿಲ್ಲ. ಸ್ಪೇರಾದ್ರೂ ಸೈ, ಏನಾದ್ರೂ ಸೈ, ನಾನು ಓಯ್ತೀನಿ."

ನಾನು ಕಂಡಕ್ಟರನ ಮುಖ ನೋಡಿದೆ. ಅವನು ಬೇರೆ ಕಡೆ ನೋಡುತ್ತಿದ್ದ. ಎರಡು ವರ್ಷ ಪ್ರತಿದಿನ ಅವಳನ್ನು ಆ ಮರದ ಕೆಳಗೆ ಕಂಡವನು ಅವನು. ನನಗೆ ಎಷ್ಟು ನಾಚಿಕೆಯಾಯಿತು ಅಂದರೆ, ಮೆದೆಯೊಳಗೇ ಉಳಿದುಬಿಟ್ಟಿದ್ದರೆ ಚೆನ್ನಾಗಿತ್ತು ಅನ್ನಿಸಿತು. ನಾನು ಬರುವುದು ಅವಳ ಮನಸ್ಸಿಗೆ ಗೊತ್ತಾಗುತ್ತದೆ ಅಂತ ಕುಣಿಯುತ್ತಿದ್ದೆನಲ್ಲ! ಕಾಯುವ ಕಷ್ಟ ನನ್ನೊಬ್ಬನದೇ ಅಂತ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆನಲ್ಲ!

ಮಾವ ಅವಳ ತೋಳು ಹಿಡಿದು ಎಬ್ಬಿಸಿದ. ಆಮೇಲೆ ತಾನೇ ಟ್ರಂಕು ಹೊತ್ತು ಬಸ್ಸಿನೊಳಗೆ ಇಟ್ಟ. ಕಣ್ಣು ಒರೆಸಿಕೊಂಡ, ಹುಲ್ಲಿನ ದೂಳು ಬಿದ್ದಿದೆ ಅಂದ. ನಾನು ಬೂಟು ಬಿಚ್ಚಿ ಅವನ ಕಾಲ ಬಳಿ ಇಟ್ಟು ನಮಸ್ಕಾರ ಮಾಡಿದೆ.

ಒಲೆ ಮತ್ತೆ ಹೊತ್ತಿಸಿ ಹೊರಡುವಾಗ ಮಧ್ಯಾಹ್ನವಾಗಿತ್ತು. ಲೈನಿನ ಗತಿಯನ್ನೂ ಇಲ್ಲೇ ಹೇಳಿ ಮುಗಿಸುತ್ತೇನೆ. ಅದು ಯಜಮಾನರ ಷಡ್ಡಕನ ಮಗನಿಗೆ ಹೋಯಿತು. ಅವನೂ ಮೊದಲನೇ ವಾರದಲ್ಲೇ ಪೆಡಲು ತಪ್ಪಿ ತುಳಿದು ಷೆಡ್ಡಿನ ತಗಡು ಕಿತ್ತುಹಾಕಿದ. ಹಗ್ಗ ಬಿಚ್ಚಬಾರದು, ಬೂಟು ಹಾಕಬಾರದು ಅಂತ ಆಮೇಲೆ ಯಜಮಾನರೇ ಅಪ್ಪಣೆ ಮಾಡಿದರು. ನನಗೆ ಲೈನ್ ಸಿಕ್ಕಿದ್ದು ಯುದ್ಧ ಮುಗಿದ ಮೇಲೆ.

ಅವತ್ತು ನನ್ನ ಹಿಂದಿನ ಸೀಟಿನಲ್ಲಿ ಅವಳು ಕೂತಿದ್ದಳು. ಮಳವಳ್ಳಿಯಿಂದ ಆಚೆಗೆ ಅವಳು ಎಂದೂ ಹೋದವಳಲ್ಲ. ಮಳವಳ್ಳಿ ದಾಟಿದ ಮೇಲೆ ಒಂದು ಏರಿನಲ್ಲಿ ಬಸ್ಸು ನಿಂತಿತು. ಗಂಡಸರೆಲ್ಲ ಇಳಿದು ತಳ್ಳಿದರು. ತಿರುಗಿ ನೋಡಿದರೆ ಹೊಸ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಅವಳೂ ತಳ್ಳುತ್ತಿದ್ದಳು. ಬ್ಯಾಡ ಕಣಮ್ಮ ಅಂತ ಕಂಡಕ್ಟರ್ ಹೇಳುತ್ತಲೇ ಇದ್ದ, ಅವಳು ಕೇಳಲಿಲ್ಲ. ಮತ್ತೆ ಹತ್ತಿ ಕೂತು, ಇನ್ನೂ ಎಷ್ಟು ದೂರ ಅಂತ ಎರಡು ಸಲ ಕೇಳಿದಳು. ಅತ್ತೆ ಕಟ್ಟಿಕೊಟ್ಟಿದ್ದ ಬುತ್ತಿಗಂಟು ಮಡಿಲಲ್ಲೇ ಇತ್ತು. ಮುಂದೆ ಬಹಳ ದಾರಿಯಿದೆ, ಬೇಕಾಗುತ್ತದೆ ಅಂತ ಅವಳು ಅದನ್ನು ಬಿಚ್ಚಿರಲಿಲ್ಲ.

ಮದ್ದೂರಿನಲ್ಲಿ ಬಸ್ಸು ನಿಂತಾಗ ಇನ್ನೂ ಬಿಸಿಲಿತ್ತು. ಟ್ರಂಕು ಇಳಿಸಿ, ಬಾ, ಇಳಿ ಅಂದೆ. ಇಳಿದು ಸುತ್ತ ನೋಡಿದಳು. ಬಂದ ರಸ್ತೆಯನ್ನು ತಿರುಗಿ ನೋಡಿದಳು.

"ಇದೇನಾ ಮದ್ದೂರು?"

"ಇದೇ."

"ಇಷ್ಟೇ ದೂರಾನಾ?"

ಇಷ್ಟೇ ಅಂದೆ. ಅವಳು ಟ್ರಂಕಿನ ಮೇಲೆ ಕೂತು ಗಟ್ಟಿಯಾಗಿ ಅತ್ತಳು.